ಮೂರು ದಿನದಲ್ಲಿ ಬಂದ ಲೆಟರಿಗೆ ದುಡ್ಡು ಕಟ್ಟಬೇಡ, ತಮ್ಮಾ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಬೇರೆಯವರಿಗೂ ತಿಳಿಯಲಿ ಅಂತ ಮೊದಲು ಅದನ್ನೇ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀನು ಸಿರುಗುಪ್ಪದವನು. ಬಳ್ಳಾರಿಯಲ್ಲಿ ಮೆಕ್ಯಾನಿಕಲ್ ಮುಗಿಸಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದೀಯ. ಜರ್ಮನಿಯಲ್ಲಿ ಎಂಎಸ್ ಮಾಡಬೇಕೆಂದು ಐದು ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದೀಯ. ಒಂದು ಕಡೆ ಆಗಲ್ಲ ಎಂದು ಬಂತು, ನಾಲ್ಕು ಕಡೆಯಿಂದ ಸುದ್ದಿಯೇ ಇಲ್ಲ. ನಿನ್ನ ಜೊತೆ ಹಾಕಿದ ಗೆಳೆಯನಿಗೆ ಆಗಲೇ ಲೆಟರ್ ಬಂದಿದೆ. ಇದರ ಮಧ್ಯೆ ಬೆಂಗಳೂರಿನ ಏಜೆಂಟ್ ಒಬ್ಬ ಬರ್ಲಿನ್ನಿನ ಖಾಸಗಿ ಕಾಲೇಜಿನಿಂದ ಮೂರೇ ದಿನದಲ್ಲಿ ಅಡ್ಮಿಷನ್ ಲೆಟರ್ ತರಿಸಿದ್ದಾನೆ. ಶುಕ್ರವಾರದೊಳಗೆ ಮೊದಲ ಕಂತು ಕಟ್ಟು, ಇಲ್ಲವಾದರೆ ಸೀಟು ಹೋಗುತ್ತದೆ ಎನ್ನುತ್ತಿದ್ದಾನೆ. ಅಪ್ಪಾಜಿ ಸಾಲಕ್ಕೆ ಓಡಾಡುತ್ತಿದ್ದಾರೆ. ಕಟ್ಟಲಾ ಬೇಡವಾ ಅಕ್ಕಾ, ಅಲ್ಲಿ ಬದುಕು ಹೆಂಗಿರುತ್ತೆ ಅಂತ ಕೇಳಿದ್ದೀಯ.

ಕಟ್ಟಬೇಡ. ಈ ಶುಕ್ರವಾರ ಅಂತೂ ಖಂಡಿತ ಬೇಡ.

ನಾನು ಬಳ್ಳಾರಿ ಕೌಲ್ ಬಜಾರಿನವಳು. ಫ್ರೈಬೆರ್ಗ್‌ನಲ್ಲಿ ಓದಿ, ಈಗ ಡ್ಯೂಸ್‌ಬುರ್ಗ್‌ನಲ್ಲಿ ಉಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮನೆ, ಸಂಸಾರ ಎಲ್ಲ ಇಲ್ಲೇ ಜರ್ಮನಿಯಲ್ಲಿ. ನಿನ್ನ ಪಟ್ಟಿಯಲ್ಲಿ ಫ್ರೈಬೆರ್ಗ್ ಇರುವುದು ನೋಡಿ ಖುಷಿಯಾಯಿತು. ಸಂಡೂರಿನ ಅದಿರು ಲಾರಿ ನೋಡಿ ಬೆಳೆದವರಿಗೆ ಅದು ಒಗ್ಗುವ ಊರು. ಅದೂ ಗಣಿ ಊರೇ, ಆದರೆ ಬೆಳ್ಳಿ ಗಣಿ. ಅಲ್ಲಿನ ಗಣಿ ವಿದ್ಯಾಲಯ ಶುರುವಾಗಿದ್ದು 1765ರಲ್ಲಿ. ಇಂಡಿಯಂ 1863ರಲ್ಲಿ, ಜರ್ಮೇನಿಯಂ 1886ರಲ್ಲಿ ಪತ್ತೆಯಾಗಿದ್ದು ಅಲ್ಲಿಯೇ. ಒಂದು ಎಚ್ಚರಿಕೆ: ದೇಶದ ಇನ್ನೊಂದು ತುದಿಯಲ್ಲಿ, ಸ್ವಿಟ್ಜರ್ಲೆಂಡ್ ಗಡಿ ಹತ್ತಿರ, ಫ್ರೈಬುರ್ಗ್ ಅಂತ ದೊಡ್ಡ ಊರಿದೆ. ನೆಂಟರು ಅದನ್ನೇ ಗೂಗಲ್ ಮಾಡಿ ಫೋಟೋ ಕಳಿಸುತ್ತಾರೆ. ಏಜೆಂಟರೂ ಗೊಂದಲ ಮಾಡಿಕೊಳ್ಳುತ್ತಾರೆ. ರೈಲು ಟಿಕೆಟ್ ತೆಗೆಯುವಾಗ ನೀನು ನೋಡಿಕೊಂಡು ತೆಗಿ.

ಈಗ ಆ ನಾಲ್ಕು ಕಡೆಯ ವಿಚಾರ.

ನಮ್ಮ ತಲೆಯಲ್ಲಿ ಸಿಇಟಿ ಕೂತಿದೆ. ರ‍್ಯಾಂಕ್ ಬಂದರೆ ಅರ್ಧ ಉತ್ತರ ಬಂದ ಹಾಗೆ. ಹೋದ ವರ್ಷದ ಕಟಾಫ್ ನೋಡಿ ಯಾವ ಕಾಲೇಜು ಸಿಗುತ್ತದೆ ಅಂತ ಪಕ್ಕದ ಮನೆಯವರೂ ಹೇಳಿಬಿಡುತ್ತಾರೆ. ಆಪ್ಷನ್ ಎಂಟ್ರಿ, ಅಣಕು ಹಂಚಿಕೆ, ಮೊದಲ ಸುತ್ತು, ಎರಡನೇ ಸುತ್ತು. ಫಲಿತಾಂಶ ಎಲ್ಲರಿಗೂ ಒಂದೇ ದಿನ. ಸೀಟು ಬಂದರೆ ಒಪ್ಪಿಕೊಳ್ಳಬಹುದು, ಹಿಡಿದಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯಬಹುದು. ನಮ್ಮ ಕಡೆಯವರಿಗೆ ಕಲ್ಯಾಣ ಕರ್ನಾಟಕದ ಮೀಸಲಾತಿಗೆ 371ಜೆ ಸರ್ಟಿಫಿಕೇಟ್ ಬೇರೆ. ಜರ್ಮನಿಯಲ್ಲಿ ಅದನ್ನು ತೋರಿಸಿದರೆ ಅಚ್ಚರಿಯಿಂದ ನೋಡುತ್ತಾರೆ ಅಷ್ಟೇ, ಸುಮ್ನೆ ಮನೆಯಲ್ಲೇ ಇಟ್ಟು ಬಾ.

ಇಲ್ಲಿ ಎಂಎಸ್‌ಗೆ ಹಾಗೆ ಒಂದು ಪಟ್ಟಿ ಅಂತ ಇಲ್ಲ, ಒಂದು ದಿನ ಅಂತಲೂ ಇಲ್ಲ. ಪ್ರತಿ ಕೋರ್ಸಿಗೂ ಆ ವಿಭಾಗದ್ದೇ ಒಂದು ಸಮಿತಿ. ಮೂರ್ನಾಲ್ಕು ಪ್ರೊಫೆಸರುಗಳು, ಒಬ್ಬ ಆಫೀಸಿನವರು. ಅವರಿಗೆ ಪಾಠ ಇರುತ್ತದೆ, ಪರೀಕ್ಷೆ ಇರುತ್ತದೆ, ಬೇಸಿಗೆಯಲ್ಲಿ ರಜೆ ಇರುತ್ತದೆ. ಅಕ್ಟೋಬರಿನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರಿಗೆ ಕೆಲವು ಕೋರ್ಸುಗಳ ಕೊನೆ ದಿನ ಮಾರ್ಚಿನಲ್ಲೋ ಮೇ ತಿಂಗಳಲ್ಲೋ ಮುಗಿದಿರುತ್ತದೆ. ಬಹಳಷ್ಟು ಕೋರ್ಸುಗಳಿಗೆ ಅದು ಜುಲೈ 15. ಕೆಲವು ಸಮಿತಿಗಳು ಅರ್ಜಿ ಬಂದ ಹಾಗೆ ನೋಡುತ್ತವೆ. ಕೆಲವು ಕೊನೆ ದಿನ ದಾಟುವವರೆಗೆ ಕಟ್ಟನ್ನು ಬಿಚ್ಚುವುದೇ ಇಲ್ಲ. ನಿನ್ನ ಗೆಳೆಯನದು ಮೊದಲನೇ ಥರದ ಕೋರ್ಸು, ಅದಕ್ಕೆ ಬೇಗ ಬಂತು. ನೀನು ಬರೆದಿದ್ದು ಜುಲೈ ಮೊದಲ ವಾರ. ನಾಲ್ಕರಲ್ಲಿ ಎರಡರ ಕೊನೆ ದಿನ ಇನ್ನೂ ಬಂದೇ ಇಲ್ಲ ಅಂತ ನೀನೇ ಬರೆದಿದ್ದೀಯ! ಅವರು ನಿನಗೆ ಏನು ಹೇಳಬೇಕು ಈಗ? ಜುಲೈ ಕೊನೆ, ಆಗಸ್ಟ್ ಮಧ್ಯ, ಇದು ಇಲ್ಲಿ ಮಾಮೂಲಿ. ಸೆಪ್ಟೆಂಬರಿಗೆ ಬಂದಿದ್ದೂ ಉಂಟು.

ಯುನಿ-ಅಸಿಸ್ಟ್ ಮೂಲಕ ಹಾಕಿದ್ದರಲ್ಲಿ 'ವಿಶ್ವವಿದ್ಯಾಲಯಕ್ಕೆ ಕಳಿಸಲಾಗಿದೆ' ಎಂದು ತೋರಿಸುತ್ತಿದೆ, ಸೆಲೆಕ್ಟ್ ಆದೆನಾ ಅಂತ ಕೇಳಿದ್ದೀಯ. ಇಲ್ಲ. ಅದು ಬರ್ಲಿನ್ನಿನಲ್ಲಿರುವ ಒಂದು ಪರಿಶೀಲನಾ ಕಚೇರಿ ಅಷ್ಟೇ. ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರಿಗೆ ಮುಂದಿನ ಒಂದೊಂದಕ್ಕೂ 30 ಯೂರೊ ತೆಗೆದುಕೊಂಡು ಕಾಗದ ಪತ್ರ ಸರಿಯಿದೆಯಾ, ನಿನ್ನ ಡಿಗ್ರಿ ಇಲ್ಲಿ ನಡೆಯುತ್ತದಾ ಅಂತ ನೋಡುತ್ತಾರೆ. ಸೀಟು ಕೊಡುವುದು ಬಿಡುವುದು ಅವರ ಕೈಲಿಲ್ಲ. ತಾಲ್ಲೂಕು ಆಫೀಸಿನ ಟಪಾಲು ಮೇಜು ದಾಟಿತು ಅಂತ ತಿಳಿದುಕೋ. ಆದರೆ ಅಷ್ಟು ದಾಟಿದ್ದೂ ಒಳ್ಳೆಯದೇ. ಕಾಗದದ ತಕರಾರು ಇದ್ದಿದ್ದರೆ ಅಲ್ಲೇ ನಿಲ್ಲುತ್ತಿತ್ತು.

ಪೋರ್ಟಲ್ ದಿನಕ್ಕೆ ಎಷ್ಟು ಸಲ ತೆಗೆದು ನೋಡಿದರೂ ಅದು ಬದಲಾಗಲ್ಲ. ವಾರಕ್ಕೊಮ್ಮೆ ಸಾಕು. ಸ್ಪ್ಯಾಮ್ ಫೋಲ್ಡರ್ ಮಾತ್ರ ದಿನಾ ನೋಡು. ಇಲ್ಲಿನ ಆಫೀಸುಗಳು 'ಒಂದು ದಾಖಲೆ ಕಡಿಮೆ ಇದೆ, ಹತ್ತು ದಿನದಲ್ಲಿ ಕಳಿಸಿ' ಎಂದು ಒಂದೇ ಸಲ ಮೇಲ್ ಹಾಕಿ ಸುಮ್ಮನಾಗುತ್ತವೆ, ಅದೂ ಜರ್ಮನ್ನಿನಲ್ಲಿ. ಅದು ಸ್ಪ್ಯಾಮಿಗೆ ಹೋಗುವುದು ಜಾಸ್ತಿ.

ಮಾರ್ಕ್ಸ್ ಬಗ್ಗೆ ನಿನಗೆ ಅಳುಕಿದೆ. ಸಿಜಿಪಿಎ 7.8 ಸಾಲುತ್ತದಾ ಅಂತ. ನೀನೇ ಲೆಕ್ಕ ಹಾಕಿಕೊಳ್ಳಬಹುದು. ಇಲ್ಲಿ ಒಂದು ಸೂತ್ರವಿದೆ, ಬವೇರಿಯನ್ ಸೂತ್ರ ಎನ್ನುತ್ತಾರೆ. ಗರಿಷ್ಠ ಅಂಕದಿಂದ ನಿನ್ನ ಅಂಕ ಕಳೆ: 10ರಲ್ಲಿ 7.8 ಹೋದರೆ 2.2. ಗರಿಷ್ಠದಿಂದ ಪಾಸಿಗೆ ಬೇಕಾದ ಕನಿಷ್ಠ ಅಂಕ ಕಳೆ. ಕನಿಷ್ಠ 5 ಎಂದು ಹಿಡಿದರೆ 5 ಉಳಿಯುತ್ತದೆ. 2.2ನ್ನು 5ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸು. 2.32 ಬಂತಾ? ಅದೇ ಕನಿಷ್ಠ ಅಂಕ 4 ಎಂದು ಹಿಡಿದರೆ 2.1 ಆಗುತ್ತದೆ. ಮಾರ್ಕ್ಸ್ ಕಾರ್ಡಿನ ಹಿಂಭಾಗದಲ್ಲಿ ಪಾಸಿನ ನಿಯಮ ಅಚ್ಚಾಗಿರುತ್ತದಲ್ಲ, ಆ ಪುಟವನ್ನೂ ಸ್ಕ್ಯಾನ್ ಮಾಡಿ ಹಾಕಬೇಕು ಅನ್ನುವುದು ಇದಕ್ಕೇ. ಇಲ್ಲಿ ಅಂಕ ತಲೆಕೆಳಗು. 1 ಅಂದರೆ ಫಸ್ಟ್ ಕ್ಲಾಸು, 4 ಅಂದರೆ ಜಸ್ಟ್ ಪಾಸು. ಬಹಳಷ್ಟು ಕೋರ್ಸುಗಳು 2.5ರ ಒಳಗಿದ್ದರೆ ಸಾಕು ಎನ್ನುತ್ತವೆ. ನಿನ್ನದು ಹೇಗೆ ಎಣಿಸಿದರೂ ಒಳಗೇ ಇದೆ. ಊರಲ್ಲಿ ಮಾತ್ರ ಯಾರಿಗೂ 2.3 ಅಂತ ಹೇಳಬೇಡ. ಹತ್ತಕ್ಕೆ 2.3 ಬಂದಿದೆ ಪಾಪ ಅಂತ ನಿಮ್ಮ ದೊಡ್ಡಮ್ಮ ಮಾತಾಡಿಸಲು ಬಂದುಬಿಡುತ್ತಾರೆ.

ಹಾಗಾದರೆ ಒಂದು ಕಡೆ ಯಾಕೆ ಆಗಲಿಲ್ಲ? ಆ ಪತ್ರದಲ್ಲಿ 'ವಿಷಯದ ಅರ್ಹತೆ ಸಾಲದು' ಎಂದಿದೆ ಅಂತ ಬರೆದಿದ್ದೀಯ. ಅದು ನಿನ್ನ ಬುದ್ಧಿವಂತಿಕೆ ಬಗ್ಗೆ ಹೇಳಿದ ಮಾತಲ್ಲ. ನೀನು ಓದಿದ್ದು ಮೆಕ್ಯಾನಿಕಲ್, ಹಾಕಿದ್ದು ಲೋಹಶಾಸ್ತ್ರಕ್ಕೆ. ಅವರು ನಿನ್ನ ಎಂಟು ಸೆಮಿಸ್ಟರಿನ ಪಟ್ಟಿ ಮುಂದಿಟ್ಟುಕೊಂಡು ರಸಾಯನಶಾಸ್ತ್ರ ಇಷ್ಟು, ಥರ್ಮೋಡೈನಮಿಕ್ಸ್ ಇಷ್ಟು, ಮೆಟೀರಿಯಲ್ ಸೈನ್ಸ್ ಇಷ್ಟು ಎಂದು ಕ್ರೆಡಿಟ್ ಕೂಡಿಸುತ್ತಾರೆ. ಇಲ್ಲಿ ವರ್ಷಕ್ಕೆ 60 ಕ್ರೆಡಿಟ್ ಲೆಕ್ಕ. ಒಂದು ಖಾನೆಯಲ್ಲಿ ಕಡಿಮೆ ಬಿತ್ತೆಂದರೆ ಮಾರ್ಕ್ಸ್ ಎಷ್ಟಿದ್ದರೂ ಅಷ್ಟೇ. ಕೆಲವರು ಷರತ್ತು ಹಾಕಿ ತೆಗೆದುಕೊಳ್ಳುತ್ತಾರೆ, ಮೊದಲ ವರ್ಷ ಈ ಎರಡು ಪೇಪರ್ ಹೆಚ್ಚಿಗೆ ಮಾಡು ಅಂತ. ಅಂಥ ಲೆಟರ್ ಬಂದರೆ ಕಮ್ಮಿ ಅಂತ ತಿಳಿಯಬೇಡ, ಅದು ಪೂರ್ತಿ ಸೀಟೇ.

ರಿಜೆಕ್ಷನ್ ಪತ್ರದ ಕೊನೆಯಲ್ಲಿ ಒಂದು ಪ್ಯಾರಾ ಇರುತ್ತದೆ. ಇದರ ವಿರುದ್ಧ ಎಲ್ಲಿ, ಎಷ್ಟು ದಿನದೊಳಗೆ ದೂರು ಕೊಡಬಹುದು ಅಂತ. ಅವರು ನಿನ್ನ ಕಾಗದ ಓದುವುದರಲ್ಲಿ ತಪ್ಪಿದ್ದರೆ ಮಾತ್ರ ಅದನ್ನು ಬಳಸು. ಒಂದು ಮಾರ್ಕ್ಸ್ ಕಾರ್ಡನ್ನೇ ಲೆಕ್ಕಕ್ಕೆ ಹಿಡಿಯದೆ ಇರುವುದು, ಇಂಥವು ಆಗುತ್ತವೆ. ಸುಮ್ನೆ 'ಸರ್ ಪ್ಲೀಸ್ ಇನ್ನೊಮ್ಮೆ ನೋಡಿ' ಎಂದು ಬರೆದರೆ ಇಲ್ಲಿ ಯಾರೂ ಕರಗಲ್ಲ. ವಿಚಾರಿಸಿ ಹೇಳುವ ಪರಿಚಯದವರು, ಮೇಲಿನಿಂದ ಫೋನ್ ಮಾಡಿಸುವುದು, ಅದೂ ನಡೆಯಲ್ಲ. ಮೊದಮೊದಲು ಕಷ್ಟ ಅನಿಸುತ್ತದೆ. ಆಮೇಲೆ ಇದೇ ವಾಸಿ ಅನಿಸುತ್ತದೆ.

ಖಾಸಗಿ ಕಾಲೇಜಿಗೆ ಬರೋಣ. ಅವರು ಮೂರು ದಿನದಲ್ಲಿ ಉತ್ತರ ಕೊಟ್ಟಿದ್ದು ನಿನ್ನ ಅರ್ಜಿ ಅಷ್ಟು ಇಷ್ಟವಾಗಿ ಅಲ್ಲ. ಸೀಟು ಖಾಲಿ ಇದೆ, ತುಂಬಬೇಕು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರಿಗೆ ಒಂದಿಷ್ಟು ನೂರು ಯೂರೊ ಕಟ್ಟಿದರೆ ಆಯಿತು, ಅದರಲ್ಲಿ ಬಸ್ಸು ರೈಲಿನ ಪಾಸೂ ಸೇರಿರುವುದು ಹೆಚ್ಚು. ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೊ ಇದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಹೊರಗಿನವರಿಗೆ ಶುಲ್ಕ ಶುರು ಮಾಡಿದೆ. ಖಾಸಗಿಯಲ್ಲಿ ವರ್ಷಕ್ಕೆ ಹತ್ತು ಸಾವಿರ ಯೂರೊ ಮೇಲೆ ಕೇಳುವುದು ಸಾಮಾನ್ಯ. ಆ ದುಡ್ಡಿನಲ್ಲಿ ಒಂದು ಪಾಲು ಏಜೆಂಟನಿಗೆ ಹೋಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ ಅವನಿಗೆ ಕಮಿಷನ್ ಕೊಡಲ್ಲ. ಹಾಗಾಗಿ ಅವನ ಬಾಯಲ್ಲಿ ಫ್ರೈಬೆರ್ಗ್ ಹೆಸರು ಬರಲ್ಲ.

ಖಾಸಗಿ ಎಲ್ಲವೂ ಮೋಸ ಅಂತ ನಾನು ಹೇಳುತ್ತಿಲ್ಲ. ಸರ್ಕಾರದ ಮಾನ್ಯತೆ ಇರುವ, ಓದೂ ಚೆನ್ನಾಗಿರುವ ಕಾಲೇಜುಗಳಿವೆ. ದುಡ್ಡಿದ್ದು, ಬಿಸಿನೆಸ್ ಓದುವವರು ಹೋಗಲಿ. ಆದರೆ ನಿನಗೆ ಬಂದಿರುವ ಲೆಟರಿನಲ್ಲಿ ಕೋರ್ಸು 'ಡಿಜಿಟಲ್ ಮ್ಯಾನೇಜ್‌ಮೆಂಟ್'. ತೋರಣಗಲ್ಲಿನ ಕುಲುಮೆ ಮುಂದೆ ಬೆವರು ಸುರಿಸಿ ಕಲಿತವನು ಅದನ್ನು ಯಾಕೆ ಓದಬೇಕು ಅಂತ ಒಬ್ಬರೂ ನಿನ್ನನ್ನು ಕೇಳಲಿಲ್ಲವಾ? ವೀಸಾ ಅಧಿಕಾರಿ ಕೇಳುತ್ತಾರೆ. ಇನ್ನೊಂದು ವಿಷಯ. ಅರ್ಧ ಪಾಠ ಆನ್‌ಲೈನ್ ಇರುವ ಕೋರ್ಸುಗಳನ್ನು ದೂರಶಿಕ್ಷಣ ಎಂದು ಪರಿಗಣಿಸಿ, ಬರ್ಲಿನ್ನಿನಲ್ಲಿ ಭಾರತದ ಕೆಲವು ವಿದ್ಯಾರ್ಥಿಗಳಿಗೆ ದೇಶ ಬಿಡಲು ಹೇಳಿದ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಅವರೂ ಸಾಲ ಮಾಡಿ ಬಂದವರೇ.

ವೀಸಾ ಬಗ್ಗೆ ಹೇಳುವಾಗ ಇದನ್ನೂ ಹೇಳಬೇಕು. ಮೊದಲು ವೀಸಾ ತಿರಸ್ಕಾರವಾದರೆ ಅದೇ ಕಚೇರಿಗೆ ಮರುಪರಿಶೀಲನೆಗೆ ಬರೆಯಬಹುದಿತ್ತು. 2025ರ ಜುಲೈ 1ರಿಂದ ಅದನ್ನು ತೆಗೆದಿದ್ದಾರೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನ ಕೋರ್ಟಿಗೆ ಹೋಗಬೇಕು. ಸಿರುಗುಪ್ಪದಿಂದ ಬರ್ಲಿನ್ ಕೋರ್ಟು! ಅದಕ್ಕೇ ಮೊದಲ ಅರ್ಜಿಯೇ ಗಟ್ಟಿ ಇರಬೇಕು, ಕೋರ್ಸಿಗೂ ನಿನ್ನ ಓದಿಗೂ ಸಂಬಂಧ ಕಾಣಬೇಕು.

ಸಾಲದ ಮಾತು. ಅಪ್ಪಾಜಿಗೆ ಇವತ್ತೇ ಫೋನ್ ಮಾಡಿ ಓಡಾಟ ನಿಲ್ಲಿಸಲು ಹೇಳು. ಕೈಸಾಲ ಮಾತ್ರ ಬೇಡವೇ ಬೇಡ. ಬ್ಯಾಂಕಿನ ವಿದ್ಯಾ ಸಾಲ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತಾರೆ. ಗದ್ದೆ ಇದೆ ಅಂದರೆ ಬಹಳ ಬ್ಯಾಂಕುಗಳು ಒಪ್ಪಲ್ಲ, ಮನೆಯೋ ಸೈಟೋ ಬೇಕು ಎನ್ನುತ್ತಾರೆ. ಅದರ ಕಾಗದ ಯಾರ ಹೆಸರಿನಲ್ಲಿದೆ, ತಾತನ ಹೆಸರಿನಿಂದ ಬದಲಾಗಿದೆಯಾ, ಇದನ್ನು ಈಗ ನೋಡಿಡಿ. ನಮ್ಮ ಕಡೆ ಅರ್ಧ ಸಾಲ ನಿಲ್ಲುವುದೇ ಅಲ್ಲಿ. ಲೆಟರ್ ಬಂದ ಮೇಲೆ ಎರಡು ವಾರದಲ್ಲಿ ಸಾಲ ಆಗುವ ಹಾಗೆ ಕಾಗದ ಜೋಡಿಸಿಡುವುದು ಬೇರೆ. ಲೆಟರ್ ಬರುವ ಮೊದಲೇ ಬಡ್ಡಿ ಶುರು ಮಾಡಿಕೊಳ್ಳುವುದು ಬೇರೆ.

ನಿನಗೆ ಬೇಕಾಗುವ ದೊಡ್ಡ ಮೊತ್ತ ಶುಲ್ಕಕ್ಕಲ್ಲ, ಬ್ಲಾಕ್ಡ್ ಅಕೌಂಟಿಗೆ. ಒಂದು ವರ್ಷ ನಿನ್ನ ಖರ್ಚು ನೀನೇ ನೋಡಿಕೊಳ್ಳುತ್ತೀಯ ಎಂದು ತೋರಿಸಲು 2024ರ ಸೆಪ್ಟೆಂಬರಿನಿಂದ 11,904 ಯೂರೊ ಇಡಬೇಕು. ಹತ್ತಿರ ಹತ್ತಿರ ಹನ್ನೆರಡು ಲಕ್ಷ ರೂಪಾಯಿ. ಇಲ್ಲಿಗೆ ಬಂದ ಮೇಲೆ ತಿಂಗಳಿಗೆ 992 ಯೂರೊದಂತೆ ನಿನ್ನ ಕೈಗೇ ಬರುತ್ತದೆ. ಅದು ಯಾರಿಗೋ ಕೊಡುವ ದುಡ್ಡಲ್ಲ, ನಿನ್ನ ಊಟದ ದುಡ್ಡು. ಏಜೆಂಟನ ಕಂತು ಕಟ್ಟಿದರೆ ಇದಕ್ಕೆ ಎಲ್ಲಿಂದ ತರುತ್ತೀಯ, ಆ ಲೆಕ್ಕ ಅಪ್ಪಾಜಿ ಮುಂದೆ ಕೂತು ಹಾಕು.

ಕಾಯುವ ಹೊತ್ತಿನಲ್ಲಿ ಮಾಡಲು ಕೆಲಸವಿಲ್ಲ ಅಂದುಕೊಂಡಿದ್ದೀಯ. ಬೇಕಾದಷ್ಟಿದೆ. ಎಪಿಎಸ್ ಸರ್ಟಿಫಿಕೇಟ್ ಬಂತಾ? 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ವೀಸಾಕ್ಕೆ ಅದು ಬೇಕೇ ಬೇಕು. ದಿಲ್ಲಿಯಲ್ಲಿ ನಿನ್ನ ಮಾರ್ಕ್ಸ್ ಕಾರ್ಡು ಅಸಲಿಯಾ ಎಂದು ನೋಡುವವರು ಅವರು, ಶುಲ್ಕ 18,000 ರೂಪಾಯಿ. ಅದಕ್ಕೆ ತಡವಾಗಿ ಅರ್ಜಿ ಹಾಕಿ, ಲೆಟರ್ ಕೈಯಲ್ಲಿದ್ದೂ ವರ್ಷ ಹಾಳು ಮಾಡಿಕೊಂಡ ಹುಡುಗರು ನಿಮ್ಮ ಊರಿನಲ್ಲೇ ಎಷ್ಟೋ ಮಂದಿ. ಹಾಸ್ಟೆಲಿಗೆ ಈಗಲೇ ಹೆಸರು ಬರೆಸು. ಇಲ್ಲಿನ ವಿದ್ಯಾರ್ಥಿ ನಿಲಯ ನಡೆಸುವುದು ಸ್ಟುಡೆಂಟೆನ್‌ವೆರ್ಕ್ ಎನ್ನುವ ಬೇರೆ ಸಂಸ್ಥೆ. ಬಹಳ ಕಡೆ ಅಡ್ಮಿಷನ್ ಬರುವ ಮೊದಲೇ ಕಾಯುವ ಪಟ್ಟಿಗೆ ಸೇರಬಹುದು, ದುಡ್ಡಿಲ್ಲ. ಫ್ರೈಬೆರ್ಗ್‌ನಂಥ ಸಣ್ಣ ಊರಿನಲ್ಲಿ 300 ಯೂರೊ ಸುತ್ತಮುತ್ತ ರೂಮು ಸಿಗುತ್ತದೆ. ಮ್ಯೂನಿಕ್‌ನಲ್ಲಿ ಅದರ ಎರಡರಷ್ಟು ಕೊಟ್ಟರೂ ಕಷ್ಟ.

ಜರ್ಮನ್ ಕಲಿ. ಕೋರ್ಸು ಇಂಗ್ಲಿಷಿನಲ್ಲಿದೆ ಅಕ್ಕಾ ಅನ್ನುತ್ತೀಯ, ಗೊತ್ತು. ಕುಲುಮೆ ಹತ್ತಿರ ನಿಂತ ಫೋರ್‌ಮನ್ ಇಂಗ್ಲಿಷಿನಲ್ಲಿ ಬೈಯಲ್ಲ. ಓದು ಮುಗಿಸಿ ಕೆಲಸ ಸಿಗದೆ ಕೂತಿರುವ ನಮ್ಮವರಲ್ಲಿ ಹೆಚ್ಚಿನವರಿಗೆ ಕೊರತೆ ಇರುವುದು ಇದೊಂದೇ. ಬೆಳಗ್ಗೆ ತೋರಣಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕೂತು ಶುರು ಮಾಡು. ಕೆಲಸ ಮಾತ್ರ ಬಿಡಬೇಡ. ವೀಸಾ ಪಾಸ್‌ಪೋರ್ಟಿನಲ್ಲಿ ಅಂಟುವ ತನಕ ರಾಜೀನಾಮೆ ಕೊಡಬೇಡ. ಉಕ್ಕಿನ ಕಾರ್ಖಾನೆಯ ಅನುಭವದ ಪತ್ರ ಇಲ್ಲಿ ಬೆಲೆ ಬಾಳುತ್ತದೆ, ಅದನ್ನು ಲೆಟರ್‌ಹೆಡ್ ಮೇಲೆ ಸಹಿ ಸೀಲಿನೊಂದಿಗೆ ತಗೋ.

ಎರಡು ಕಡೆಯಿಂದ ಲೆಟರ್ ಬಂದರೆ? ಬರಲಿ! ಪತ್ರದಲ್ಲಿ ಒಪ್ಪಿಗೆಗೆ ಕೊನೆ ದಿನ ಇರುತ್ತದೆ, ಅದರೊಳಗೆ ಹೇಳಬೇಕು. ಬೇಡದ್ದನ್ನು ಬೇಗ ಬಿಟ್ಟುಕೊಡು, ಒಂದು ಮೇಲ್ ಹಾಕಿದರೆ ಸಾಕು. ನಿನ್ನ ಹಿಂದೆ ಗಂಗಾವತಿಯವನೋ ಮಾನ್ವಿಯವಳೋ ಅದೇ ಸೀಟಿಗೆ ಉಸಿರು ಬಿಗಿ ಹಿಡಿದು ಕೂತಿರಬಹುದು.

ಮನೆಯವರ ಒತ್ತಡದ ಬಗ್ಗೆ ಜಾಸ್ತಿ ಹೇಳಲ್ಲ. 'ಏನಾತು, ಬಂತಾ' ಎಂದು ಓಣಿಯವರೆಲ್ಲ ಕೇಳುತ್ತಾರೆ, ಅದು ನಮ್ಮ ಊರಿನ ಪ್ರೀತಿ, ಅದೇ ನಮ್ಮ ಊರಿನ ಕಾಟ. ಆಗಸ್ಟ್ ಕೊನೆಗೆ ಗೊತ್ತಾಗುತ್ತೆ ಅಂತ ಒಂದೇ ಮಾತು ಎಲ್ಲರಿಗೂ ಹೇಳು. ಗೆಳೆಯನ ಜೊತೆ ಮುನಿಸು ಬೇಡ. ಅವನು ಮೊದಲು ಬಂದು ಇಲ್ಲಿ ರೂಮು ಮಾಡಿದರೆ ಮೊದಲ ಹದಿನೈದು ದಿನ ನೀನು ಮಲಗುವುದು ಅವನ ನೆಲದ ಮೇಲೇ.

ಬದುಕು ಹೆಂಗಿರುತ್ತೆ ಅಂದೆಯಲ್ಲ. ಮೊದಲನೆಯದಾಗಿ, ಕಾಯುವುದು ಇಲ್ಲಿ ಬಂದ ಮೇಲೆ ಮುಗಿಯಲ್ಲ. ಮನೆ ಸಿಕ್ಕ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಣಿ ಮಾಡಿಸಬೇಕು, ಅದಕ್ಕೆ ಸಮಯ ಸಿಗುವುದೇ ತಡ. ವಾಸದ ಪರವಾನಗಿಗೆ ತಿಂಗಳುಗಟ್ಟಲೆ. ಎಲ್ಲವೂ ಅಂಚೆಯಲ್ಲಿ ಬರುತ್ತದೆ. ಬ್ಯಾಂಕ್ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದು ದಿನ ಇನ್ನೊಂದು ಲಕೋಟೆಯಲ್ಲಿ. ಮತ್ತೆ ಟಪಾಲು ಪೆಟ್ಟಿಗೆ ಮೇಲೆ ನಿನ್ನ ಹೆಸರು ಬರೆದಿರಬೇಕು. ಮನೆ ನಂಬರ್ ಸರಿಯಿದ್ದರೂ ಹೆಸರಿಲ್ಲದಿದ್ದರೆ ಅಂಚೆಯವನು ಹಾಕದೆ ವಾಪಸ್ ಒಯ್ಯುತ್ತಾನೆ. ನಮ್ಮ ಕೌಲ್ ಬಜಾರಿನ ಪೋಸ್ಟ್‌ಮ್ಯಾನ್ ಥರ 'ಅವರ ಮಗಳಲ್ವಾ' ಎಂದು ಹುಡುಕಿಕೊಂಡು ಬರಲ್ಲ. ರೂಮಿನ ಕೀ ತಗೊಂಡ ದಿನವೇ, ಬ್ಯಾಗು ಬಿಚ್ಚುವ ಮೊದಲು, ಒಂದು ಚೀಟಿಯಲ್ಲಿ ಹೆಸರು ಬರೆದು ಪೆಟ್ಟಿಗೆಗೆ ಅಂಟಿಸು.

ಹೆಸರು ಅಂದಾಗ ನೆನಪಾಯಿತು. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಬಿಚ್ಚಿಕೊಂಡು ಮನೆತನದ ಹೆಸರಾಗಿರುತ್ತದೆ, ಇಲ್ಲವೇ ಅಪ್ಪನ ಹೆಸರಾಗಿರುತ್ತದೆ. ಕೆಲವರಿಗೆ ಸರ್‌ನೇಮ್ ಜಾಗ ಖಾಲಿಯೇ. ನಿನ್ನ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಎಪಿಎಸ್ ಮೂರರಲ್ಲೂ ಒಂದೇ ಹೆಸರಿದೆಯಾ ನೋಡು. ಇಲ್ಲದಿದ್ದರೆ ಎರಡೂ ಹೆಸರು ಒಬ್ಬನದೇ ಎಂದು ನೋಟರಿ ಅಫಿಡವಿಟ್ ಮಾಡಿಸಿಡು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬೆಂಗಳೂರಿಗೆ ಹೋಗಿ ವೀಸಾ ಕೌಂಟರಿನಲ್ಲಿ ಈ ಮಾತು ಕೇಳಿಸಿಕೊಳ್ಳುವುದು ಬೇಡ.

ಉಳಿದದ್ದೆಲ್ಲ ಅಭ್ಯಾಸ ಆಗುತ್ತದೆ. ಮೇ ತಿಂಗಳ ಬಳ್ಳಾರಿ ಬಿಸಿಲು ತಿಂದವನಿಗೆ ಫ್ರೈಬೆರ್ಗ್‌ನ ಡಿಸೆಂಬರ್ ಕಷ್ಟವೇ. ಸಂಜೆ ನಾಲ್ಕಕ್ಕೆ ಸೂರ್ಯ ಮುಳುಗುತ್ತಾನೆ. ಚಳಿಗಿಂತ ಆ ಕತ್ತಲೆ ಜಾಸ್ತಿ ಕಾಡುತ್ತದೆ. ಜಾಕೆಟ್ ಊರಲ್ಲಿ ಕೊಳ್ಳಬೇಡ, ಇಲ್ಲೇ ತಗೋ. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಶನಿವಾರ ಸಂಜೆ ಹಾಲು ಮೊಸರು ತಂದಿಟ್ಟುಕೊಳ್ಳದಿದ್ದರೆ ಸೋಮವಾರದವರೆಗೆ ಕರಿ ಚಹಾ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಎಷ್ಟಾದರೂ ತಾ. ಅವ್ವ ಪ್ರೀತಿಯಿಂದ ಕಾಯಿಸಿಕೊಟ್ಟ ತುಪ್ಪ ತರಬೇಡ. ಹೊರದೇಶದ ಹಾಲಿನ ಪದಾರ್ಥ, ಮಾಂಸ ಎರಡನ್ನೂ ಯೂರೋಪಿನೊಳಗೆ ಬಿಡಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ವಗ್ಗಾಣಿಗೆ ಒಗ್ಗರಣೆ ಹಾಕುವಾಗ ಕಿಟಕಿ ತೆಗಿ. ಒಣಮೆಣಸಿನಕಾಯಿ ಹೊಗೆಗೆ ಅಲಾರಂ ಹೊಡೆದು ಇಡೀ ಕಟ್ಟಡ ಚಪ್ಪಲಿ ಹಾಕಿಕೊಂಡು ಕೆಳಗೆ ಬಂದು ನಿಲ್ಲುತ್ತದೆ.

ದುಡಿಮೆ: ವಿದ್ಯಾರ್ಥಿಯಾಗಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೊ. ಅದರಲ್ಲಿ ರೂಮು ಊಟ ತೂಗಿಸಬಹುದು, ಮೊದಲ ಸೆಮಿಸ್ಟರಿನಲ್ಲಿ ಅದನ್ನೇ ನೆಚ್ಚಬೇಡ. ಸಾಲದ ಕಂತು ಕಟ್ಟುವಷ್ಟು ಉಳಿಯಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ನಿಜ ಹೇಳಬೇಕೆಂದರೆ ಉಕ್ಕಿನ ಕಾರ್ಖಾನೆಗಳು ಇಲ್ಲಿ ಜನ ಕಡಿಮೆ ಮಾಡುತ್ತಿವೆ. ಕಲ್ಲಿದ್ದಲು ಬಿಟ್ಟು ಹೈಡ್ರೋಜನ್ನಿನಿಂದ ಕಬ್ಬಿಣ ಮಾಡುವ ಕೆಲಸಕ್ಕೆ, ಗುಜರಿ ಕರಗಿಸುವ ಕೆಲಸಕ್ಕೆ ಓದಿದವರು ಬೇಕಾಗಿದ್ದಾರೆ. ಕೋರ್ಸಿನಲ್ಲಿ ಪೇಪರ್ ಆರಿಸುವಾಗ ಇದು ನೆನಪಿರಲಿ.

ಈಗ ಶುಕ್ರವಾರದ ಕೆಲಸ. ಏಜೆಂಟನಿಗೆ ಫೋನ್ ಮಾಡಬೇಡ, ಬರವಣಿಗೆಯಲ್ಲಿ ಕೇಳು. ಕೋರ್ಸು ಪೂರ್ತಿ ಕಾಲೇಜಿಗೆ ಬಂದು ಓದುವುದಾ, ಆ ಮಾತು ಲೆಟರಿನಲ್ಲೇ ಇದೆಯಾ? ಕಾಲೇಜಿಗೆ ಸರ್ಕಾರದ ಮಾನ್ಯತೆ ಇದೆಯಾ, ಜರ್ಮನಿಯ ಮಾನ್ಯ ಕಾಲೇಜುಗಳ 'ಹೊಖ್‌ಶೂಲ್‌ಕೊಂಪಾಸ್' ಪಟ್ಟಿಯಲ್ಲಿ ಅದರ ಹೆಸರಿದೆಯಾ? ಅದನ್ನು ನೀನೂ ನೋಡಬಹುದು, ಪಟ್ಟಿ ಎಲ್ಲರಿಗೂ ತೆರೆದಿದೆ. ವೀಸಾ ಆಗದಿದ್ದರೆ ಕಟ್ಟಿದ ದುಡ್ಡಿನಲ್ಲಿ ಎಷ್ಟು, ಎಷ್ಟು ದಿನದಲ್ಲಿ ವಾಪಸ್? ದುಡ್ಡು ಹೋಗುವುದು ಕಾಲೇಜಿನ ಖಾತೆಗಾ ಅವನ ಖಾತೆಗಾ? 'ನಂಬಿಕೆ ಇಡು ತಮ್ಮಾ, ನಾವೆಲ್ಲ ನಿಮ್ಮ ಕಡೆಯವರೇ' ಎಂದು ಉತ್ತರ ಬಂದರೆ ಅದನ್ನು ಉತ್ತರ ಎಂದು ಲೆಕ್ಕಕ್ಕೆ ತಗೋಬೇಡ. ಏನು ಬರೆದ ಅಂತ ನನಗೆ ಹಾಕು. ರಿಜೆಕ್ಷನ್ ಪತ್ರದ ಫೋಟೋ ಕೂಡ ಹಾಕು, ಯಾವ ವಿಷಯದಲ್ಲಿ ಕ್ರೆಡಿಟ್ ಕಡಿಮೆ ಬಿದ್ದಿದೆ ನೋಡೋಣ. ಉಳಿದ ನಾಲ್ಕರಲ್ಲಿ ಒಂದಕ್ಕೆ ಸಿಲಬಸ್ ಪುಟಗಳನ್ನು ಇನ್ನೂ ಸೇರಿಸಲು ಜುಲೈ 15ರವರೆಗೆ ಸಮಯವಿದೆ.